ಸೀಟಿನ ಮೇಲೊಂದು ಚೀಟಿ

ನನ್ನ ಕೆಲಸ ಇಷ್ಟೇ: ಕೇಳುವುದು, ಗೀಚುವುದು.
ಆಸನ ಹೇಗಿದೆ? ಕಾಲು ಚಾಚಲು ಜಾಗ ಸಾಕೇ?
ಬೆಳಕು, ಸದ್ದು, ಸೆಕೆ, ಚಳಿ, ಕಕ್ಕಸು,
ಒಂದರಿಂದ ಐದರೊಳಗೆ ಒಂದು ಅಂಕಿ ಹೇಳಿ.
ಷಿಕಾಗೋ ಬಿಟ್ಟಾಗಿನಿಂದ ಇದೇ ಜಪ.
ಕೊರಳಲ್ಲಿ ತೂಗುವ ಬಿಲ್ಲೆಯಲ್ಲಿ
ನನ್ನ ಹೆಸರಿನ ಕೊನೆಯ ಅಕ್ಷರ ಬಿಟ್ಟುಹೋಗಿದೆ.
ಕಂಪನಿಗೆ ಬೇಕಾದದ್ದು ಸರಾಸರಿ.

ಹದಿನೇಳನೇ ಸೀಟಿನ ವೆಂಡೆಲ್ ಕ್ರೌಸ್,
ಟ್ರ್ಯಾಕ್ಟರಿನ ಹೊಟ್ಟೆಯಡಿ ಮಲಗಿ ಮಲಗಿ
ನೆಲವೇ ಮೆತ್ತೆ ಎಂದು ಕಲಿತವನು,
ಮೊಣಕಾಲಿಗೆ ಎರಡು ಕೊಟ್ಟ, ಕುತ್ತಿಗೆಗೆ ಮೂರು.
"ಬೆನ್ನಿನ ಮಾತು ಬೇಡ ಮಾರಾಯ,
ಅದರ ಜಗಳ ನನ್ನ ಜೊತೆ, ಸೀಟಿನ ಜೊತೆಯಲ್ಲ."

ಆಚೆ ಬದಿ ಲವೀನಾ ಯೋಡರ್, ತಲೆಗೆ ಕಪ್ಪು ಕುಲಾವಿ,
ಮನೆಯಿಂದಲೇ ತಂದ ಕೌದಿ,
ಪಾತ್ರೆಯೊಳಗೆ ಪಾತ್ರೆ ಇಟ್ಟ ಹಾಗೆ
ಒಬ್ಬರೊಳಗೊಬ್ಬರು ಹೊಂದಿ ನಿದ್ದೆಹೋದ ಮೂರು ಮಕ್ಕಳು.
ಅಂಕಿಯ ಗೊಡವೆಗೇ ಬರಲಿಲ್ಲ ಆಕೆ:
"ಎಲ್ಲರಿಗೂ ಕೂರಲು ಸಿಕ್ಕಿದೆಯಲ್ಲ"
ಎಂದು ಬೇಯಿಸಿದ ಮೊಟ್ಟೆಯೊಂದನ್ನು
ಉಪ್ಪಿನ ಪೊಟ್ಟಣದ ಸಮೇತ ಕೈಗಿತ್ತಳು.
ಅದನ್ನೆಲ್ಲಿ ಬರೆಯಲಿ? 'ಇತರೆ'ಯಲ್ಲಿ ಅರ್ಧ ಗೆರೆ ಜಾಗ.

ಒಮಾಹಾ ದಾಟಿದ ಮೇಲೆ ದೀಪ ಇಳಿಸಿದರು.
ಲಿಂಕನ್ ಆದ ಮೇಲೆ ಎಲ್ಲೋ,
ಹೆಸರಿಲ್ಲದ ಕಡೆ, ಗಾಡಿ ನಿಂತಿತು.
ಗೂಡ್ಸ್ ಬರಬೇಕಂತೆ. ಬಂತು.
ತೊಂಬತ್ತನಾಲ್ಕರವರೆಗೆ ಡಬ್ಬಿ ಎಣಿಸಿದೆ,
ಆಮೇಲೆ ಲೆಕ್ಕ ತಪ್ಪಿತು, ಡಬ್ಬಿ ತಪ್ಪಲಿಲ್ಲ.
ನಮಗಿಲ್ಲದ ಅವಸರ ಕಲ್ಲಿದ್ದಲಿಗಿದೆ ಈ ನಾಡಿನಲ್ಲಿ.
ಸದ್ದಿಗೆ ಎಷ್ಟು ಅಂಕ ಎನ್ನುತ್ತದೆ ನನ್ನ ಹಾಳೆ;
ಸದ್ದು ನಿಂತ ಮೇಲೆ ಕೇಳಿಬರುವ ಗೊರಕೆ,
ಯಾರೋ ಕದ್ದು ಬಿಚ್ಚುವ ಚಿಪ್ಸಿನ ಪೊಟ್ಟಣ,
ಮಗುವಿನ ಒಣಕೆಮ್ಮು, ಇವಕ್ಕೆ ಕಾಲಂ ಇಲ್ಲ.

ಆಗ ನನ್ನ ಕಾಲ ಬಳಿ ಬಿದ್ದಿತ್ತು ಒಂದು ಚೀಟಿ.
ಪ್ರತಿ ಸೀಟಿನ ನೆತ್ತಿಗೂ ಇಂಥದ್ದೊಂದು ಸಿಕ್ಕಿಸಿರುತ್ತಾರೆ,
ಯಾರು ಎಲ್ಲಿ ಇಳಿಯಬೇಕೆಂದು, ದಪ್ಪ ಪೆನ್ನಿನ ಮೂರಕ್ಷರ.
ಯಾರದೋ ಊರು ನೆಲಕ್ಕೆ ಉದುರಿದೆ!
ಎತ್ತಿಕೊಂಡು ಓಡಿದೆ ಒಡೆಸ್ಸಾ ಪ್ರುಯಿಟ್ ಬಳಿಗೆ.
ಬೋಗಿಯ ಉಸ್ತುವಾರಿ, ಊದಿದ ಕಾಲು,
ಓಡುವ ಗಾಡಿಯಲ್ಲಿ ಎಡವದೆ ನಡೆದ ಮೂವತ್ತೊಂದು ವರ್ಷ.
ಆಕೆ ಚೀಟಿ ನೋಡಲೂ ಇಲ್ಲ:
"ಹದಿನೇಳು. ಹೋಲ್ಡ್ರೆಜ್. ಮಗಳು ಬರುತ್ತಾಳೆ.
ಬಲಗಿವಿ ಮಂದ, ಎಡಗಡೆಯಿಂದ ಎಬ್ಬಿಸಬೇಕು."

ಎಬ್ಬಿಸಿದ್ದನ್ನು ನೋಡಿದೆ. ಕೂಗಲಿಲ್ಲ, ಅಲುಗಿಸಲಿಲ್ಲ.
ಹೆಪ್ಪು ಹಾಕಿದ ಹಾಲು ಮೊಸರಾಯಿತೇ ಎಂದು
ಮುಟ್ಟಿ ನೋಡುವ ಹಾಗೆ, ಎರಡೇ ಬೆರಳು, ಭುಜದ ಮೇಲೆ.
ವೆಂಡೆಲ್ ಕಣ್ಣು ಬಿಟ್ಟ; ಗಾಬರಿಯಿಲ್ಲ.
ಎರಡು ಗಂಟೆ ನಲವತ್ತು ನಿಮಿಷ ತಡ.
ನಿಲ್ದಾಣದ ಬದಿಗೆ ಪಿಕಪ್ ಟ್ರಕ್ಕಿನ ಒಂದೇ ಕಣ್ಣು ಉರಿಯುತ್ತಿತ್ತು,
ಇನ್ನೊಂದು ಕೆಟ್ಟಿತ್ತು. ಇಳಿದವನೇ
ಮಗಳನ್ನು ಅಪ್ಪಿ, ಬಗ್ಗಿ, ಆ ಕೆಟ್ಟ ದೀಪವನ್ನು ತಟ್ಟಿ ನೋಡಿದ.

ಅವನು ಬಿಟ್ಟ ಸೀಟಿನಲ್ಲಿ ಅವನ ಬೆನ್ನಿನ ಹಳ್ಳ.
ಇಡ್ಲಿಹಿಟ್ಟು ಉಬ್ಬುವಂತೆ ಸ್ಪಂಜು ನಿಧಾನ ಮೇಲೇರುತ್ತಿತ್ತು.
ಅದು ತುಂಬುವ ಮೊದಲೇ ಕೂತೆ.
ಪರೀಕ್ಷೆಗೆಂದು. ಐದು ನಿಮಿಷ ಎಂದು.
ಒಡೆಸ್ಸಾ ಬಂದಳು, ಏನೂ ಕೇಳದೆ
ನೆತ್ತಿಯ ಮೇಲೆ ಚೀಟಿ ಸಿಕ್ಕಿಸಿದಳು: ಡೆನ್ವರ್.

ಕಿಟಕಿಗೆ ಬೆಳಗು ಬಂದಾಗ ಲೇಖನಿ ಸೀಟಿನಡಿ,
ಹಾಳೆಗಳು ಯೋಡರ್ ಮಕ್ಕಳ ಕೈಯಲ್ಲಿ,
'ಅತೃಪ್ತಿಕರ' ಕಾಲಂ ತುಂಬ ಕುದುರೆಗಳು.
"ಎಷ್ಟು ಕೊಟ್ಟೆ ನಮಗೆ?" ಎಂದಳು ಒಡೆಸ್ಸಾ, ಕಾಫಿ ನೀಡುತ್ತ.
"ನಿದ್ದೆ ಬಂದುಬಿಟ್ಟಿತ್ತು."
"ಗೊತ್ತು," ಎಂದಳು, "ಬಾಯಿ ತೆರೆದುಕೊಂಡು."